ತುಕ್ಕಿನ ಸಾಲು

ಫೆಬ್ರವರಿ ಕಳೆಯುತ್ತ ಬಂದಿತ್ತು, ಡಿಸೆಂಬರಿಗೆ ಶುರುವಾದ ಬೇಸಿಗೆ ಮಾತ್ರ ಕಳೆಯುವ ಲಕ್ಷಣ ತೋರಿಸಿರಲಿಲ್ಲ. ಗೋಧಿ ಕಟಾವಾದ ಹೊಲಗಳಲ್ಲಿ ಕೂಳೆ ಬಿಸಿಲಿಗೆ ಬಿಳಿಚಿಕೊಂಡು ನಿಂತಿತ್ತು. ಸಾಲುಗಳ ನಡುವೆ ಉದುರಿದ ಕಾಳು ಹುಡುಕುತ್ತ ಕುರಿಗಳು ತಲೆ ಎತ್ತದೆ ನಡೆಯುತ್ತಿದ್ದವು. ಇಲ್ಮಾ ನೋಸ್ಕಿ ತಂಪು ಹೊತ್ತಿನಲ್ಲೇ ನೀರಿನ ತೊಟ್ಟಿ ಬರಿದು ಮಾಡಿ, ಒಳಗೋಡೆಗೆ ಹತ್ತಿದ ಪಾಚಿಯನ್ನು ಗಡುಸು ಪೊರಕೆಯಿಂದ ತಿಕ್ಕುತ್ತಿದ್ದಳು. ತೊಟ್ಟಿ ಕೊಳೆಯಾದರೆ ಕುರಿ ಮೂಸಿ ಹಿಂದೆ ಸರಿಯುತ್ತದೆ, ಈ ಬಿಸಿಲಲ್ಲಿ ನೀರು ಬಿಟ್ಟ ಕುರಿ ಹೆಚ್ಚು ದಿನ ನಿಲ್ಲುವುದಿಲ್ಲ. ಅರವತ್ತು ದಾಟಿದ ಮೇಲೆ ಬಗ್ಗಿ ತಿಕ್ಕುವುದು ಸೊಂಟಕ್ಕೆ ಒಗ್ಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಡಾಕ್ಟರು ಬಂದು ತಿಕ್ಕುವುದಿಲ್ಲವಲ್ಲ ಎಂದು ಅವಳು ತಿಕ್ಕುತ್ತಿದ್ದಳು.

ಪಿಕಪ್ಪಿನೊಳಗಿನ ವೈರ್‌ಲೆಸ್ ರೇಡಿಯೋದಲ್ಲಿ ಮಗಳ ದನಿ ಕರಕರ ಎಂದಿತು. ಟ್ರೀನಾ ಶೆಡ್ಡಿನಲ್ಲಿ ಬಿತ್ತನೆ ಯಂತ್ರಕ್ಕೆ ಗ್ರೀಸ್ ಹಾಕುತ್ತಿದ್ದಳು.

"ಅಮ್ಮಾ, ಮುಗೀತಾ? ಇಲ್ಲಾ ಅಲ್ಲೇ ಹಾಸಿಗೆ ಹಾಕ್ಸಬೇಕಾ?"

"ಮುಗೀತು ಕಣೇ. ಬುಲೋಕ್ ಹೊಲಕ್ಕೆ ಹೋಗಿ ಬರ್ತೀನಿ."

"ನಿನ್ನೆ ತಾನೆ ಹೋಗಿದ್ಯಲ್ಲ. ನೀನು ಹಿಂಗೆ ದಿನಾ ಹೋಗಿ ದುರುದುರು ನೋಡ್ತಿದ್ರೆ ಆ ಸಸಿಗಳು ನಾಚ್ಕೊಂಡು ಬೆಳೆಯೋದೇ ಇಲ್ಲ ನೋಡು."

ಇಲ್ಮಾ ರೇಡಿಯೋ ಆರಿಸಿ ಗಾಡಿ ತಿರುಗಿಸಿದಳು. ನಾಯಿ ಟಿಕ್ ಹಾರಿ ಹಿಂದೆ ಕೂತಿತು.

ಬುಲೋಕ್ ಹೊಲ ಅವರ ಜಮೀನಿನ ಮೂಡಲಂಚಿನಲ್ಲಿತ್ತು. ಕಾಂಗರೂಗಳ ಈ ನಾಡಿನ ವಿಮೆರಾ ಸೀಮೆಗೆ ಬಂದ ಹಿರಿಯರು ಗೋಧಿಗಾಗಿ ಎಲ್ಲವನ್ನೂ ಕಡಿದು ಸುಟ್ಟರೂ ಈ ತುಂಡನ್ನು ಯಾಕೋ ಬಿಟ್ಟಿದ್ದರು. ಬುಲೋಕ್ ಅಂದರೆ ಸರ್ವೆ ಮರದ ಜಾತಿಯದು. ಎಲೆಯ ಜಾಗದಲ್ಲಿ ಸೂಜಿಯಂಥ ಕಡ್ಡಿ, ಗಾಳಿ ಬೀಸಿದರೆ ದೂರದಲ್ಲಿ ಯಾರೋ ಮುಲುಗಿದ ಹಾಗೆ ಸದ್ದು. ಕೊಡಲಿಯ ಬಾಯಿ ಮುರಿಯುವಷ್ಟು ಗಟ್ಟಿ ಮರ. ಆದರೆ ಅಲ್ಲಿದ್ದ ಮರಗಳೆಲ್ಲ ಮುದುಕರೇ. ಇಲ್ಮಾ ಮದುವೆಯಾಗಿ ಬಂದಾಗ ಎಷ್ಟು ದಪ್ಪವಿದ್ದವೋ ಈಗಲೂ ಅಷ್ಟೇ. ಒಂದೊಂದು ಬಿರುಗಾಳಿಗೆ ಒಂದೋ ಎರಡೋ ಬೀಳುತ್ತಿದ್ದವು. ಬಿದ್ದದ್ದರ ಜಾಗಕ್ಕೆ ಇನ್ನೊಂದು ಎದ್ದದ್ದನ್ನು ಅವಳು ಕಂಡಿರಲಿಲ್ಲ. ಅವಳ ಅತ್ತೆಯೂ ಕಂಡಿರಲಿಲ್ಲ.

ಸಸಿಗಳನ್ನು ಕುರಿಗಳೇ ಮೇಯುತ್ತಿವೆ ಎಂದುಕೊಂಡು ಗಂಡ ರೈನಿ ಹಿಂದೆಯೇ ಆ ಹೊಲಕ್ಕೆ ಬೇಲಿ ಬಿಗಿದು ಕುರಿಗಳನ್ನು ಹೊರಹಾಕಿದ್ದ. ಕುರಿ ಹೋದರೂ ಸಸಿ ಬರಲಿಲ್ಲ. ಬೀಜ ಬೀಳುತ್ತಿತ್ತು, ಮಳೆಗೆ ಮೊಳೆಯುತ್ತಲೂ ಇತ್ತು. ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಇಂಗ್ಲೆಂಡಿನಿಂದ ಯಾವ ಕಾಲದಲ್ಲೋ ಹಡಗು ಹತ್ತಿ ಬಂದ ಮೊಲದ ಸಂತಾನ ಅದನ್ನು ನುಣ್ಣಗೆ ಮಾಡುತ್ತಿತ್ತು. ರೈನಿ ತೀರಿಕೊಂಡು ಎರಡು ವರ್ಷಕ್ಕೆ, ಯಾರ ನೆನಪಿನಲ್ಲೂ ಇಲ್ಲದಂಥ ಮಳೆ ಬಂತು. ಬೇಸಿಗೆಯಲ್ಲಿ ಸುರಿಯಿತು, ಚಳಿಗಾಲ ಪೂರ್ತಿ ಸುರಿಯಿತು. ಆಗ, ಹುಲ್ಲು ಹಸಿರು ಎಲ್ಲೆಲ್ಲೂ ಬೇಕಾದಷ್ಟಿದ್ದಾಗ, ಮೊಲದ ಬಾಯಿ ತಪ್ಪಿಸಿಕೊಂಡು ನೂರಾರು ಬುಲೋಕ್ ಸಸಿ ಎದ್ದುಬಿಟ್ಟವು. ಇಲ್ಮಾ ಒಂದು ಬೆಳಿಗ್ಗೆ ಬಂದವಳು ಮೊದಲು ಯಾವುದೋ ಕಳೆ ಎಂದುಕೊಂಡಳು. ಬಗ್ಗಿ ನೋಡಿ ಅಲ್ಲೇ ಮಂಡಿಯೂರಿ ಕೂತಳು.

ಈಗ ಅವು ಗೇಣುದ್ದ. ಮೊಣಕಾಲೆತ್ತರ ದಾಟಿದರೆ ಬದುಕಿದವು ಎಂದು ಅವಳ ಲೆಕ್ಕ. ಆದರೆ ಸುತ್ತ ಹುಲ್ಲೆಲ್ಲ ಒಣಗಿ ಹೋಗಿತ್ತು. ಹೊಲದಲ್ಲಿ ಹಸಿರು ಎನ್ನುವುದು ಉಳಿದಿದ್ದರೆ ಈ ಸಸಿಗಳು ಮಾತ್ರ. ಇಂಥ ಮಳೆ ತನ್ನ ಜೀವಮಾನದಲ್ಲಿ ಇನ್ನೊಮ್ಮೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಶರತ್ಕಾಲದ ಮಳೆ ಬಿದ್ದು ಹೊಸ ಹುಲ್ಲು ಬರುವ ತನಕ ಇವನ್ನು ಕಾದುಕೊಂಡರೆ ಹೊಲ ಉಳಿಯಿತು. ಇಲ್ಲವಾದರೆ ಮುದಿ ಮರಗಳ ಜೊತೆಗೇ ಮುಗಿಯಿತು. ಕೈಗೆ ಸಿಕ್ಕಷ್ಟು ಸಸಿಗಳಿಗೆ ತಂತಿಬಲೆಯ ಸುತ್ತು ಹಾಕಿದ್ದಳು. ಆದರೆ ಹೊಲದ ತುಂಬ ಚೆಲ್ಲಿದ ಹಾಗೆ ಎದ್ದವಕ್ಕೆ ಎಷ್ಟಂತ ಬಲೆ ಸುತ್ತುವುದು?

ಅವಳು ಎಂದಿನಂತೆ ಹೊಲದ ಪಡುವಣ ಬೇಲಿಯ ಹೊರಗೆ, ಹಳೆಯ ಯಂತ್ರಗಳ ಸಾಲಿನ ನೆರಳಲ್ಲಿ ಗಾಡಿ ನಿಲ್ಲಿಸಿದಳು. ಟಿಕ್ ಇಳಿದದ್ದೇ ಹಳೆ ಕಟಾವು ಯಂತ್ರದಡಿಯ ಒಣಹುಲ್ಲಿಗೆ ಮೂತಿ ತೂರಿಸಿ ಕುಂಯ್ಗುಡತೊಡಗಿತು.

"ಬಾ ಈಚೆ! ಹಾವು ಇರುತ್ತೆ," ಎಂದು ಗದರಿ ಅವಳು ಬೇಲಿ ದಾಟಿದಳು.

ಹತ್ತು ಹೆಜ್ಜೆಗೇ ಕಂಡಿತು. ಸಸಿ ಇರಬೇಕಾದಲ್ಲಿ ಒಂದು ಮೋಟು. ಅದರ ತುದಿ ತೋಟದ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಓರೆಯಾಗಿ, ನುಣ್ಣಗೆ ಇತ್ತು. ಕುರಿ ಹಾಗೆ ತಿನ್ನುವುದಿಲ್ಲ, ಕಾಂಗರೂ ಕೂಡ ಇಲ್ಲ. ಅವು ಹರಿದು ಎಳೆಯುತ್ತವೆ. ಪಕ್ಕದಲ್ಲಿ ಇನ್ನೊಂದು ಮೋಟು. ಅದರಾಚೆ ಸಾಲಾಗಿ ಇನ್ನಷ್ಟು. ಸುತ್ತ ಮರಳಿನಲ್ಲಿ ಮೆಣಸಿನ ಕಾಳಿಗಿಂತ ದಪ್ಪ ಹಿಕ್ಕೆ.

ಇಲ್ಮಾ ನೆಟ್ಟಗೆ ನಿಂತು ಮೂಡಲ ಬೇಲಿಯ ಆಚೆ ನೋಡಿದಳು. ಅಲ್ಲಿಂದ ನೆರೆಯ ಎಲ್ವಿನ್ ಕ್ರಾಮರನ ಜಮೀನು. ಬೇಲಿಗೆ ಹತ್ತಿಕೊಂಡೇ ಅವನ ಮರಳುದಿಬ್ಬ, ದಿಬ್ಬದ ಮೈತುಂಬ ಮೊಲದ ಬಿಲಗಳ ಕಪ್ಪು ಬಾಯಿ. ಇಲ್ಲಿಂದಲೇ ಎಣಿಸಬಹುದಿತ್ತು. ತನ್ನ ಜಮೀನಿನಲ್ಲಿ ಕಂಡ ಬಿಲವನ್ನೆಲ್ಲ ಅವಳು ಎಂದೋ ಟ್ರ್ಯಾಕ್ಟರಿನಿಂದ ಸೀಳಿ ಮುಚ್ಚಿಸಿದ್ದಳು. ಆ ದಿಬ್ಬದ ಮಾತನ್ನು ಮಾತ್ರ ಎಲ್ವಿನ್ನನ ಮುಂದೆ ಎತ್ತಿರಲಿಲ್ಲ. ಎತ್ತಲು ಬಾಯಿ ಬಂದಿರಲಿಲ್ಲ.

ಅದಕ್ಕೆ ಕಾರಣವಿತ್ತು. ರೈನಿ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದಾಗ ಗೋಧಿ ಹಣ್ಣಾಗಿ ತೆನೆ ಉದುರುವ ಹಾಗಿತ್ತು. ಇಲ್ಮಾ ಮತ್ತು ಟ್ರೀನಾ ಪಟ್ಟಣದ ಆಸ್ಪತ್ರೆಯಲ್ಲಿ. ಎಲ್ವಿನ್ ತನ್ನ ಗೋಧಿಯನ್ನು ಹಾಗೇ ನಿಲ್ಲಿಸಿ, ಯಂತ್ರ ತಂದು, ಸುತ್ತಲಿನವರನ್ನೂ ಕರೆತಂದು ಅವರ ಹೊಲವನ್ನು ಕೊಯ್ದು ಕಾಳು ಸಾಗಿಸಿ ಮುಗಿಸಿದ್ದ. ಆಮೇಲೆ ಬಂದ ಆಲಿಕಲ್ಲಿಗೆ ಅವನ ಗೋಧಿಯಲ್ಲೇ ಒಂದು ಪಾಲು ನೆಲ ಕಂಡಿತ್ತು. ಆ ಸೀಮೆಯಲ್ಲಿ ಹೀಗೆ ಮಾಡುವುದು ವಾಡಿಕೆ. ಮಾಡಿಸಿಕೊಂಡವರು ಅದನ್ನು ತೀರಿಸುವಂತಿಲ್ಲ. ತಮ್ಮ ಸರದಿ ಬಂದಾಗ ಇನ್ನೊಬ್ಬರ ಹೊಲಕ್ಕೆ ಹೋಗಬೇಕು ಅಷ್ಟೆ. ಮಾಡಿದವರು ಮತ್ತೆ ಅದರ ಮಾತೆತ್ತುವಂತಿಲ್ಲ. ಎತ್ತಿದರೆ ಮಾಡಿದ್ದೆಲ್ಲ ಮಣ್ಣುಪಾಲು.

ಇಲ್ಮಾ ಮೋಟಾದ ಸಸಿಯೊಂದನ್ನು ಬುಡಸಮೇತ ಕಿತ್ತು ಜೇಬಿಗೆ ಹಾಕಿಕೊಂಡು ಎಲ್ವಿನ್ನನ ಮನೆಯ ಕಡೆ ಗಾಡಿ ಬಿಟ್ಟಳು.

ಎಲ್ವಿನ್ ದೊಡ್ಡಿಯಲ್ಲಿ ಕುರಿಗಳ ಬಾಲದ ಸುತ್ತಿನ ಕೊಳೆ ಉಣ್ಣೆ ಕತ್ತರಿಸುತ್ತಿದ್ದ. ಅವಳಿಗಿಂತ ಎರಡು ಮೂರು ವರ್ಷ ದೊಡ್ಡವನು. ಒಂದು ತೊಡೆಯ ಕೀಲು ಸವೆದು ಓರೆಯಾಗಿ ನಡೆಯುತ್ತಿದ್ದ. ಅವಳನ್ನು ಕಂಡು ಹಿಡಿದಿದ್ದ ಕುರಿಯನ್ನು ಬಿಟ್ಟು ಬೆನ್ನು ನೀವಿಕೊಂಡ.

"ಬಾ ಬಾ ಮಾರಾಯ್ತಿ. ಏನು ಕೈ ಬೀಸ್ಕೊಂಡು ಬಂದಿದ್ದೀಯ? ಕೇಕ್ ಎಲ್ಲಿ?"

"ಮೊಲ ತಿಂದ್ವು."

"ಕೇಕ್‌ನಾ?"

"ಇದನ್ನ." ಅವಳು ಜೇಬಿನಿಂದ ಮೋಟು ತೆಗೆದು ದೊಡ್ಡಿಯ ಅಡ್ಡಪಟ್ಟಿಯ ಮೇಲಿಟ್ಟಳು.

ಎಲ್ವಿನ್ ಟೋಪಿ ಹಿಂದಕ್ಕೆ ತಳ್ಳಿ ನೋಡಿದ. "ಮೊಲದ್ದೇ ಹಲ್ಲು," ಎಂದ. "ಪಾಪ."

"ಪಾಪ ಅಂದ್ರೆ ಮುಗೀತಾ ಎಲ್ವಿನ್? ನಿನ್ನ ದಿಬ್ಬದ ಬಿಲ ಸೀಳಿಸಿಬಿಡು. ಈಗ ಮಣ್ಣು ಒಣಗಿದೆ, ಸೀಳಿದ್ರೆ ಸುರಂಗ ಕುಸಿದು ಕೂತ್ಕೊಳುತ್ತೆ. ಮಳೆ ಬಿದ್ರೆ ಮಣ್ಣು ಅಂಟು, ಆಮೇಲೆ ಆಗಲ್ಲ. ಮರಿ ಹಾಕೋಕೂ ಶುರು ಮಾಡ್ತವೆ."

"ಮೊಲದ ವಿಷ್ಯ ನಂಗೆ ಹೇಳ್ಕೊಡ್ತೀಯ? ಏ, ನನ್ನ ಹಲ್ಲು ಬಂದಿದ್ದೇ ಮೊಲದ ಮೂಳೆ ಕಡಿದು ಕಣೇ."

"ಅದಕ್ಕೇ ಹೇಳ್ತಿರೋದು. ಗೊತ್ತಿರೋನಿಗೆ."

ಎಲ್ವಿನ್ನನ ಮುಖದ ನಗು ನಿಧಾನ ಇಳಿಯಿತು. "ಆ ದಿಬ್ಬ ಬೇಡ ಇಲ್ಮಾ. ಆ ಕೆಟ್ಟ ವರ್ಷಗಳಲ್ಲಿ ನಮ್ಮಪ್ಪ ಅಲ್ಲಿ ಬೋನಿಟ್ಟು ಮೊಲ ಹಿಡಿದು ನಮ್ಮನ್ನ ಸಾಕಿದ. ಏಳು ಹೊಟ್ಟೆ. ತೊಗಲು ಮಾರಿ ನಂಗೆ ಇಸ್ಕೂಲಿಗೆ ಬೂಟ್ ತಂದ. ಅಲ್ಲಿಗೆ ಟ್ರ್ಯಾಕ್ಟರ್ ಹತ್ಸು ಅಂದ್ರೆ ನನ್ನ ಕೈಲಿ ಆಗಲ್ಲ. ಬೇರೆ ಏನಾದ್ರೂ ಕೇಳು."

"ನಿಮ್ಮಪ್ಪ ಮೊಲ ಸಾಕ್ಲಿಲ್ಲ ಎಲ್ವಿನ್, ಕೊಂದ. ನೀನು ಸಾಕ್ತಿದ್ದೀಯ. ನಿಮ್ಮಪ್ಪನ ನೆನಪು ಮೇಯೋದು ನನ್ನ ಹೊಲಾನ."

ಹೇಳಿದ ಮೇಲೆ ಅವಳಿಗೇ ಅದು ಹೆಚ್ಚಾಯಿತು ಅನ್ನಿಸಿತು. ಎಲ್ವಿನ್ನನ ಕುತ್ತಿಗೆ ಕೆಂಪಾಯಿತು. ಉಣ್ಣೆ ಕತ್ತರಿಸುವ ಕೈಯಂತ್ರವನ್ನು ಮೊಳೆಗೆ ತೂಗುಹಾಕುತ್ತ, ಅವಳ ಕಡೆ ನೋಡದೆ ಅಂದ:

"ನಿನ್ನ ಗೋಧಿ ಉದುರ್ತಾ ನಿಂತಿದ್ದಾಗ, ಬೇಲಿ ಈಚೆಗಿರೋದು ಯಾರ್ದು ಆಚೆಗಿರೋದು ಯಾರ್ದು ಅಂತ ನಾನು ಕೇಳಿರ್ಲಿಲ್ಲ."

ಮಾತು ಹೊರಬಿದ್ದದ್ದು ಎಲ್ವಿನ್ನನಿಗೂ ಕೇಳಿಸಿತ್ತು; ಅವನು ಮೊಳೆಯ ಮೇಲಿನ ಕೈ ತೆಗೆಯಲಿಲ್ಲ. ಇಲ್ಮಾ ಅಡ್ಡಪಟ್ಟಿಯ ಮೇಲಿನ ಮೋಟನ್ನು ಎತ್ತಿಕೊಂಡು ಗಾಡಿಗೆ ಹೋದಳು.

ಮನೆಯಲ್ಲಿ ಟ್ರೀನಾ ಗ್ರೀಸು ಮೆತ್ತಿದ ಕೈಯನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದಳು. ಎಲ್ವಿನ್ ಆಡಿದ ಮಾತು ಕೇಳಿದ್ದೇ ಕೈ ನಿಲ್ಲಿಸಿದಳು.

"ಬಾಯಿಬಿಟ್ಟು ಅಂದ್ನಾ?"

"ಅಂದ."

"ನಮ್ಮ ಯಂತ್ರ ತಗೊಂಡು ಹೋಗಿ ಅವನ ಹೊಲ ಪೂರ್ತಿ ಬಿತ್ತಿ ಬರ್ತೀನಿ. ಈವತ್ತೇ. ತೀರ್ತು ಅಂತ ಮುಖಕ್ಕೆ ಹೇಳಿ ಬರ್ತೀನಿ."

"ಈ ಒಣ ಮಣ್ಣಿಗಾ? ಬಿತ್ತು. ಬೀಜಾನೂ ಮೊಲ ತಿನ್ಲಿ."

ಟ್ರೀನಾಗೆ ನಗು ಬಂತು, ಸಿಟ್ಟೂ ಇಳಿಯಲಿಲ್ಲ. "ಮತ್ತೆ ಏನ್ ಮಾಡ್ತೀಯ? ಸುಮ್ನೆ ಕೂತ್ಕೋತೀಯ?"

"ತೀರ್ಸೋ ಮಾತು ಆಮೇಲೆ. ಮೊದ್ಲು ಮೊಲ. ಅವನ ದಿಬ್ಬದಿಂದ ಬರೋ ಹೆಜ್ಜೆ ಅವನ ಕಣ್ಣಿಗೇ ತೋರಿಸ್ತೀನಿ. ಆಮೇಲೆ ಅದೇನು ಹೇಳ್ತಾನೋ ಹೇಳ್ಲಿ."

ಹೆಜ್ಜೆ ನೋಡುವ ಉಪಾಯ ಅಲ್ಲಿನ ಎಲ್ಲರಿಗೂ ಗೊತ್ತು. ಸಂಜೆ ಮರಳನ್ನು ಒರೆಸಿ ನುಣ್ಣಗೆ ಮಾಡುವುದು, ಬೆಳಿಗ್ಗೆ ಹೋಗಿ ಓದುವುದು. ಇಲ್ಮಾ ಶೆಡ್ಡಿನಿಂದ ಹಳೆಯ ಕಬ್ಬಿಣದ ಮಂಚದ ಚೌಕಟ್ಟನ್ನು ತಂದು ಪಿಕಪ್ಪಿನ ಹಿಂದೆ ಸರಪಳಿಯಲ್ಲಿ ಕಟ್ಟಿದಳು. ಅವಳಿಗೆ ಬೇಕಿದ್ದದ್ದು ಮೂಡಲ ಬೇಲಿಯ ಒಂದು ಪಕ್ಕ ಮಾತ್ರ. ಆದರೆ ಮಂಚ ಎಳೆದುಕೊಂಡು ಆ ಸಡಿಲ ಮರಳಿನಲ್ಲಿ ಗಾಡಿ ಹಿಂದಕ್ಕೆ ತಿರುಗಿಸುವ ಹಾಗಿರಲಿಲ್ಲ. ಬೇಲಿಯ ಗುಂಟ ಸುತ್ತುಹಾದಿಯಲ್ಲಿ ಹೊಲವನ್ನು ಪೂರ್ತಿ ಒಂದು ಸುತ್ತು ಬಂದೇ ಹೊರಬಿದ್ದಳು. ನಾಲ್ಕೂ ಕಡೆ ಮರಳು ಇಸ್ತ್ರಿ ಮಾಡಿದ ಹಾಗಾಯಿತು.

ಬೆಳಗಾಗುತ್ತಲೇ ತಾಯಿ ಮಗಳು ಇಬ್ಬರೂ ಹೋದರು. ಫೋಟೋ ಹಿಡಿಯಲೆಂದು ಟ್ರೀನಾ ಫೋನು ತೆಗೆದುಕೊಂಡಿದ್ದಳು. ಸೂರ್ಯ ಓರೆಯಾಗಿ ಬೀಳುವ ಹೊತ್ತು. ಜೀರುಂಡೆ ನಡೆದರೂ ಗೆರೆ ಕಾಣುವಷ್ಟು ಬೆಳಕು.

ಮೂಡಲ ಬೇಲಿಯ ಬದಿಯಲ್ಲಿ ನಡೆದರು. ಒಂದು ಹಲ್ಲಿಯ ಬಾಲದ ಗೆರೆ. ಕಾಗೆಯ ಕಾಲು. ಅಲ್ಲೊಂದು ಮೊಲ ದಿಬ್ಬದಿಂದ ಇಳಿದು ಬಂದು ಅದೇ ದಾರಿಯಲ್ಲಿ ವಾಪಸು ಹೋಗಿತ್ತು. ಇನ್ನೂ ಮುಂದೆ ಇನ್ನೊಂದು. ಅಷ್ಟೆ.

"ಇಷ್ಟೇನಾ?" ಎಂದಳು ಟ್ರೀನಾ. "ಎರಡು ಮೊಲ ಅಷ್ಟು ಸಸಿ ತಿಂದ್ವಾ? ಹೊಟ್ಟೆನಾ ಅದು, ಕಣಜಾನಾ?"

ಇಲ್ಮಾ ಬೇಲಿ ಹಿಡಿದು ನಡೆಯುತ್ತಲೇ ಹೋದಳು. ಬಡಗಣ ಬದಿಯಲ್ಲಿ ಏನೂ ಇರಲಿಲ್ಲ. ಪಡುವಣ ಮೂಲೆ ತಿರುಗಿದರು. ಇಬ್ಬರೂ ಒಟ್ಟಿಗೆ ನಿಂತರು.

ಅಲ್ಲಿ ಮರಳು ಮರಳಾಗಿ ಉಳಿದಿರಲಿಲ್ಲ. ಮಂಚದ ಗೆರೆಯೇ ಅಳಿಸಿಹೋಗುವಷ್ಟು ಹೆಜ್ಜೆ. ಹೋದವು, ಬಂದವು, ಕೂತು ಮೈ ಕೆರೆದುಕೊಂಡವು. ದೊಡ್ಡಿಯ ಬಾಗಿಲಲ್ಲಿ ಕುರಿ ನುಗ್ಗಿದ ಹಾಗೆ, ಬೇಲಿಯಡಿಯ ಒಂದು ತಗ್ಗಿಗೆ ಎಲ್ಲ ಹೆಜ್ಜೆಯೂ ಕೂಡಿ, ಆಚೆ ಬದಿಯಲ್ಲಿ ಬೀಸಣಿಗೆಯಂತೆ ಹರಡಿದ್ದವು. ಆಚೆ ಬದಿಯಲ್ಲಿ ಇದ್ದದ್ದು ಹಳೆಯ ಯಂತ್ರಗಳ ಸಾಲು.

ಟ್ರೀನಾ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದಳು. "ಅಮ್ಮ... ಇದು ನಮ್ಮ ಕಡೆಯಿಂದ."

ಕೆಟ್ಟ ಯಂತ್ರವನ್ನು ಆ ಸೀಮೆಯ ಯಾವ ರೈತನೂ ಬಿಸಾಡುವುದಿಲ್ಲ. ಜಮೀನಿನ ಒಂದು ಅಂಚಿಗೆ ಎಳೆದು ನಿಲ್ಲಿಸುತ್ತಾನೆ. ಅದರ ಬೋಲ್ಟು, ಗಾಲಿ, ಸರಪಳಿ ಇನ್ನೊಂದಕ್ಕೆ ಬೇಕಾಗುತ್ತದೆ. ಹೀಗೆ ಪ್ರತಿ ಮನೆಗೂ ಒಂದು ತುಕ್ಕಿನ ಸಾಲು. ನೋಸ್ಕಿಯವರದು ಸುತ್ತಮುತ್ತಲಲ್ಲೆಲ್ಲ ಉದ್ದದ್ದು: ರೈನಿಯ ಅಜ್ಜನ ಕುದುರೆ ಎಳೆಯುವ ನೇಗಿಲಿನಿಂದ ಶುರುವಾಗಿ, ಅಪ್ಪನ ಕಬ್ಬಿಣದ ಗಾಲಿಯ ಟ್ರ್ಯಾಕ್ಟರು, ತೂರುವ ಯಂತ್ರ, ಎರಡು ಲಾರಿ, ಕೊನೆಗೆ ರೈನಿಯೇ ಇಪ್ಪತ್ತು ಸುಗ್ಗಿ ಓಡಿಸಿದ ಕೆಂಪು ಕಟಾವು ಯಂತ್ರ. "ಒಂದು ದಿನ ಬೇಕಾಗುತ್ತೆ," ಎನ್ನುತ್ತಿದ್ದ ರೈನಿ. ಅವನು ಹೋದ ಮೇಲೆ ಗುಜರಿಯವನಿಗೆ ಹೇಳೋಣವೇ ಎಂದು ಟ್ರೀನಾ ಒಮ್ಮೆ ಕೇಳಿದ್ದಳು. ಇಲ್ಮಾ ಆ ದಿನ ಊಟ ಬಿಟ್ಟು ಎದ್ದಿದ್ದಳು. ಅಲ್ಲಿಂದೀಚೆ ಆ ಸಾಲಿನ ಹುಲ್ಲನ್ನು ಕೂಡ ಯಾರೂ ಕೊಯ್ದಿರಲಿಲ್ಲ.

ಟಿಕ್ ಆಗಲೇ ಕಟಾವು ಯಂತ್ರದಡಿ ಅರ್ಧ ಮೈ ತೂರಿಸಿತ್ತು. ಇಲ್ಮಾ ಈ ಸಲ ಗದರಲಿಲ್ಲ. ಒಂದು ಕೋಲು ತೆಗೆದುಕೊಂಡು ಒಣಹುಲ್ಲನ್ನು ಪಕ್ಕಕ್ಕೆ ಸರಿಸಿದಳು. ಹುಲ್ಲಿನ ಹಿಂದೆ ಹೊಸ ಮಣ್ಣಿನ ರಾಶಿ, ರಾಶಿಯ ಹಿಂದೆ ಬಿಲ. ಪಕ್ಕದಲ್ಲಿ ಇನ್ನೊಂದು. ಲಾರಿಯಡಿ, ನೇಗಿಲಿನಡಿ, ಸಾಲಿನುದ್ದಕ್ಕೂ ಬಿಲ. ಜಮೀನಿನ ಬೇರೆಲ್ಲ ಕಡೆ ಅವಳು ಸೀಳಿಸಿ ಮುಚ್ಚಿಸಿದಾಗ ಉಳಿದ ಮೊಲಗಳೆಲ್ಲ ಇಲ್ಲಿಗೆ ಬಂದಿದ್ದವು. ನೆತ್ತಿಯ ಮೇಲೆ ಕಬ್ಬಿಣದ ಸೂರು. ಹದ್ದಿನ ಭಯವಿಲ್ಲ, ಟ್ರ್ಯಾಕ್ಟರಿನ ಭಯವಿಲ್ಲ. ಬೇಲಿ ನುಸುಳಿದರೆ ಊಟ. ಅವಳು ದಿನಾ ಗಾಡಿ ನಿಲ್ಲಿಸುತ್ತಿದ್ದದ್ದು ಅವುಗಳ ಮನೆ ಬಾಗಿಲಲ್ಲಿ.

"ಫೋನ್ ಯಾಕೆ ಒಳಗಿಟ್ಟೆ?" ಎಂದಳು ಇಲ್ಮಾ.

"ಮತ್ತೆ ಇದನ್ನ ತೆಗೀಲಾ? ಯಾರಿಗೆ ತೋರ್ಸೋಕೆ?"

"ಯಾರಿಗೆ ತೋರ್ಸೋಕೆ ಅಂತ ಬಂದಿದ್ದು? ಅವನಿಗೇ. ತೆಗಿ. ಬಿಲದ್ದೂ ತೆಗಿ. ಆಮೇಲೆ ಹೋಗಿ ದೊಡ್ಡ ಟ್ರ್ಯಾಕ್ಟರ್ ತಗೊಂಡು ಬಾ. ಸರಪಳಿ ಎರಡೂ ತಾ."

"ಅಮ್ಮ, ಒಂದು ಸಲ ಯೋಚ್ನೆ ಮಾಡು. ಅಪ್ಪನ..."

"ಯೋಚ್ನೆ ಮಾಡೋಕೆ ಹೋದ್ರೆ ಮಳೆಗಾಲ ಬರುತ್ತೆ ಕಣೇ. ಹೋಗು."

ಆ ದಿನ ಮತ್ತು ಮರುದಿನ ಅವರು ಸಾಲು ಎಳೆದರು. ಚಿಕ್ಕವು ಸುಲಭವಾಗಿ ಬಂದವು. ಲಾರಿಗಳ ಗಾಲಿ ನೆಲದಲ್ಲಿ ಹೂತು, ಅಲುಗಾಡಿಸಿದಷ್ಟೂ ಕೆಳಗಿಳಿದವು; ಗುದ್ದಲಿಯಿಂದ ಬಿಡಿಸಬೇಕಾಯಿತು. ಎಲ್ಲವನ್ನೂ ಶೆಡ್ಡಿನ ಹಿಂದಿನ ಕಲ್ಲುನೆಲಕ್ಕೆ, ಬಿಲ ತೋಡಲಾಗದ ಜಾಗಕ್ಕೆ ಸಾಗಿಸಿದರು. ಗುಜರಿಯವನಿಗೆ ಕೊಡುವುದು ಬಿಡುವುದು ಆಮೇಲಿನ ಮಾತು ಎಂದಳು ಇಲ್ಮಾ. ಕೊನೆಗೆ ಉಳಿದದ್ದು ಕೆಂಪು ಕಟಾವು ಯಂತ್ರ. ಟ್ರೀನಾ ಟ್ರ್ಯಾಕ್ಟರಿನ ಸೀಟಿನಿಂದ ಇಳಿದು ತಾಯಿಯ ಕಡೆ ನೋಡಿದಳು. ಇಲ್ಮಾ ತಾನೇ ಹತ್ತಿ ಕೂತಳು. ಸರಪಳಿ ಬಿಗಿಯಿತು, ಟ್ರ್ಯಾಕ್ಟರಿನ ಮುಂದಿನ ಗಾಲಿ ತುಸು ಮೇಲೆದ್ದಿತು. ಒಳಗೆಲ್ಲೋ ತುಕ್ಕು ಕಿರ್ ಎಂದು ಕೂಗಿ, ಯಂತ್ರ ಕಿತ್ತುಕೊಂಡು ಬಂತು. ಅದರ ಹೊಟ್ಟೆಯಡಿಯಿಂದ ಮೊಲಗಳು ನಾಲ್ಕು ಕಡೆಗೆ ಚಿಮ್ಮಿದವು. ಟಿಕ್ ಯಾವುದರ ಹಿಂದೆ ಓಡುವುದೆಂದು ತಿಳಿಯದೆ ನಿಂತಲ್ಲೇ ಸುತ್ತಿತು.

ನಡುಮಧ್ಯಾಹ್ನ ಮೂಡಲ ಬೇಲಿಯ ಹತ್ತಿರ ಧೂಳೆದ್ದಿತು. ಎಲ್ವಿನ್ನನ ಗಾಡಿ. ಅವನು ಬೇಲಿಯ ಆಚೆ ಇಳಿದು ಕಂಬಕ್ಕೆ ಒರಗಿ ನಿಂತ, ಈಚೆ ಬರಲಿಲ್ಲ. ಇಲ್ಮಾ ಸಸಿಗಳ ನಡುವೆ ಕಾಲಿಡುವ ಜಾಗ ನೋಡಿಕೊಂಡು ಅವನಿದ್ದಲ್ಲಿಗೆ ಹೋದಳು. ಫೋನು ಚಾಚಿದಳು.

ಅವನು ಕನ್ನಡಕವಿಲ್ಲದೆ ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದ. "ಇದು ನಿನ್ನ ಸಾಲು."

"ಹೂಂ. ನನ್ನ ಮೊಲ. ನಿನ್ನ ಮೇಲೆ ಹಾಕಿದೆ, ತಪ್ಪಾಯ್ತು."

"ರೈನಿ ಯಂತ್ರಾನೂ ಎಳೆದ್ಯಾ?"

"ಎಳೆದೆ."

ಎಲ್ವಿನ್ ಕಂಬದ ಮೇಲಿನ ತಂತಿಯ ಗಂಟನ್ನು ಬೆರಳಲ್ಲಿ ತಿರುವಿದ. "ನಾನೂ ಆವತ್ತು ಒಂದು ಮಾತು ಆಡ್ದೆ."

"ಆಡಿದೆ."

"ಆಡಬಾರ್ದಿತ್ತು. ಮನೆಯವಳಿಗೆ ಹೇಳ್ದೆ, ಎರಡು ದಿನದಿಂದ ನಂಗೆ ಬರೀ ತಣ್ಣಗಿನ ಕುರಿಮಾಂಸ ಹಾಕ್ತಿದ್ದಾಳೆ."

"ಇನ್ನೂ ಎರಡು ದಿನ ಹಾಕ್ಲಿ."

ಅವನು ನಕ್ಕ. ಇಬ್ಬರಿಗೂ ಅಲ್ಲಿಗೆ ಬಿಡಬಹುದಿತ್ತು. ಆದರೆ ಇಲ್ಮಾ ಬೇಲಿಯ ಬುಡಕ್ಕೆ ಬೆರಳು ತೋರಿಸಿದಳು. "ನೋಡು ಎಲ್ವಿನ್. ನಿನ್ನ ಕಡೆಯಿಂದ ಬಂದಿದ್ದು ಕಮ್ಮಿ, ಸುಳ್ಳಲ್ಲ. ಆದ್ರೆ ಬಂದಿವೆ. ಈಗ ನನ್ನ ಕಡೆ ಖಾಲಿಯಾಯ್ತು ಅಂದ್ಕೋ. ಖಾಲಿ ಮನೆ ಕಂಡ್ರೆ ನಿನ್ನ ದಿಬ್ಬದವು ಇಳಿದು ಬರ್ತವೆ. ಒಂದೋ ಎರಡೋ ಸಾಕು, ಈ ಸಸಿ ಪೂರ್ತಿ ಮುಗಿಸೋಕೆ. ನಂದು ತಪ್ಪಾಯ್ತು ಅಂದೆ. ದಿಬ್ಬದ ಮಾತು ತಪ್ಪು ಅಂದಿಲ್ಲ. ಇನ್ನೊಂದ್ಸಲ ಕೇಳ್ತಿದ್ದೀನಿ."

"ನೀನು ಬಿಡೋಳಲ್ಲ."

"ಬಿಡಲ್ಲ."

ಎಲ್ವಿನ್ ಓರೆ ನಡಿಗೆಯಲ್ಲಿ ಗಾಡಿಗೆ ಹೋಗಿ ಕೂತ. ಹೊರಡುವ ಮುನ್ನ ಒಂದು ಕ್ಷಣ ಗಾಡಿಯೊಳಗಿಂದ ದಿಬ್ಬದ ಕಡೆ ನೋಡಿದ.

ಅವನು ಹೋದ ಮೇಲೆ ಅವರು ಟ್ರ್ಯಾಕ್ಟರಿಗೆ ತೋಳುದ್ದದ ಕಬ್ಬಿಣದ ಹಲ್ಲು ಸಿಕ್ಕಿಸಿ ಸಾಲಿದ್ದ ನೆಲವನ್ನು ಸೀಳಿದರು. ಮೊದಲು ನಾಯಿ ಬಿಟ್ಟು ಮೇಲಿದ್ದ ಮೊಲಗಳನ್ನು ಬಿಲದೊಳಕ್ಕೆ ಅಟ್ಟಿ, ಹೊರ ಅಂಚಿನಿಂದ ನಡುವಿಗೆ, ಆಮೇಲೆ ಅಡ್ಡಡ್ಡಕ್ಕೆ. ಪ್ರತಿ ಸಂಜೆ ಇಲ್ಮಾ ಮಂಚ ಎಳೆದಳು, ಪ್ರತಿ ಬೆಳಿಗ್ಗೆ ಓದಿದಳು. ಮತ್ತೆ ತೆರೆದ ಬಿಲಗಳನ್ನು ಗುದ್ದಲಿಯಿಂದ ಮುಚ್ಚಿದಳು. ಪಡುವಣದ ಮರಳು ದಿನದಿಂದ ದಿನಕ್ಕೆ ನುಣ್ಣಗೆ ಉಳಿಯತೊಡಗಿತು. ಮೂಡಲ ಬದಿಯಲ್ಲಿ, ಅವಳು ಹೇಳಿದ್ದ ಹಾಗೆಯೇ, ಹೆಜ್ಜೆ ಹೆಚ್ಚಾಯಿತು. ದಿಬ್ಬಕ್ಕೆ ಹತ್ತಿರದ ಸಸಿಗಳು ಒಂದೊಂದೇ ಮೋಟಾದವು. ಉಳಿದ ತಂತಿಬಲೆಯನ್ನೆಲ್ಲ ತಂದು ಅವಳು ಆ ಕಡೆಗೆ ಸುತ್ತಿದಳು. ಎಲ್ವಿನ್ನನ ಮನೆಗೆ ಮತ್ತೆ ಹೋಗಲಿಲ್ಲ. ಮೂರನೆಯ ಸಲ ಕೇಳುವುದಾದರೆ ಭಾನುವಾರ ಚರ್ಚಿನ ಬಾಗಿಲಲ್ಲಿ, ಎಲ್ಲರ ಮುಂದೆ ಕೇಳುತ್ತೇನೆ ಎಂದು ಟ್ರೀನಾಗೆ ಹೇಳಿದಳು.

"ಪಾದ್ರಿಗಳ ಕೈಲೇ ಹೇಳ್ಸಿಬಿಡು," ಎಂದಳು ಟ್ರೀನಾ. "ಮೊಲದ ಮೇಲೆ ಪ್ರಸಂಗ."

ಅಷ್ಟರ ತನಕ ಬೇಕಾಗಲಿಲ್ಲ. ಶನಿವಾರ ಬೆಳಿಗ್ಗೆ ಇಲ್ಮಾ ತೊಟ್ಟಿ ತಿಕ್ಕುತ್ತಿದ್ದಾಗ ದಿಬ್ಬದ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತಿತು. ಅದಾದ ಮೇಲೆ ರೇಡಿಯೋದಲ್ಲಿ ಎಲ್ವಿನ್.

"ಇಲ್ಮಾ, ಇದ್ದೀಯಾ?"

"ಇದ್ದೀನಿ."

"ನನ್ನ ಹಲ್ಲು ಮುರೀತು."

"ಬಾಯಿಂದಾ, ಟ್ರ್ಯಾಕ್ಟರಿಂದಾ?"

"ಟ್ರ್ಯಾಕ್ಟರಿಂದ ಕಣೇ. ಯಾವ್ದೋ ಹಳೇ ಬೇರಿಗೆ ಸಿಕ್ಕಿ. ನಿಂದು ತಗೊಂಡು ಬಾ. ಈವತ್ತು ಬಿಟ್ರೆ ನಾಳೆ ನಂಗೆ ಮನಸ್ಸು ಬರಲ್ಲ."

ಇಲ್ಮಾ ತೊಟ್ಟಿಗೆ ನೀರು ಬಿಟ್ಟು, ತುಂಬುವುದನ್ನೂ ಕಾಯದೆ ಹೊರಟಳು. ಟ್ರೀನಾ ಟ್ರ್ಯಾಕ್ಟರ್ ತಂದಳು. ಎಲ್ವಿನ್ನನ ನಾಯಿಗಳೂ ಟಿಕ್ಕೂ ಸೇರಿ ದಿಬ್ಬ ಸುತ್ತಿದವು. ಎಲ್ವಿನ್ ಬಿಲಗಳ ದಿಕ್ಕು ಹೇಳುತ್ತ ಮುಂದೆ ನಡೆದ. ಯಾವ ಸುರಂಗ ಎಲ್ಲಿ ತಿರುಗುತ್ತದೆ, ಎಲ್ಲಿ ಆಳ ಎಂಬುದು ಅವನಿಗೆ ಕಾಲಿನಲ್ಲೇ ಗೊತ್ತಿತ್ತು. ಟ್ರೀನಾ ಅವನ ಕೈ ತೋರಿಸಿದಲ್ಲಿಗೆ ಹಲ್ಲು ಇಳಿಸಿದಳು. ಮರಳು ಸೀಳಿಕೊಂಡು, ಹಿಂದೆಯೇ ಕುಸಿದು ಕೂಡಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ದಿಬ್ಬದಲ್ಲಿ ಕಪ್ಪು ಬಾಯಿ ಒಂದೂ ಉಳಿದಿರಲಿಲ್ಲ.

ಕೊನೆಯ ಸುತ್ತಿನಲ್ಲಿ ಹಲ್ಲಿಗೆ ಏನೋ ಸಿಕ್ಕಿ ಕಣಕಣ ಎಂದಿತು. ಎಲ್ವಿನ್ ಬಗ್ಗಿ ಮರಳಿನಿಂದ ಎತ್ತಿದ. ತುಕ್ಕು ತಿಂದು ತೆಳ್ಳಗಾದ, ಮೊಲದ ಕಾಲು ಕಚ್ಚಿ ಹಿಡಿಯುವ ಬೋನು. ಹಲ್ಲುಗಳು ಕಚ್ಚಿಕೊಂಡೇ ಇದ್ದವು, ಸರಪಳಿಯ ಎರಡು ಕೊಂಡಿ ಮಾತ್ರ ಉಳಿದಿತ್ತು. ಅವನ ಅಪ್ಪ ಇಟ್ಟು ಮರೆತದ್ದಿರಬೇಕು. ಮರಳು ಕೊಡವಿ, ಅಂಗೈಯಲ್ಲಿ ತೂಗಿ ನೋಡಿ, ಹೋಗಿ ಗಾಡಿಯ ಹಿಂದೆ ಇಟ್ಟ. ಇಲ್ಮಾ ನೋಡುತ್ತಿದ್ದದ್ದು ಕಂಡು ಅಂದ:

"ಒಂದು ದಿನ ಬೇಕಾಗುತ್ತೆ."

ಮೂವರೂ ನಕ್ಕರು. ಟ್ರೀನಾ ನಗುತ್ತಲೇ ಆಚೆ ತಿರುಗಿ ಟ್ರ್ಯಾಕ್ಟರಿನ ಹಲ್ಲಿಗೆ ಮೆತ್ತಿದ ಮಣ್ಣು ಕೆರೆಯತೊಡಗಿದಳು.

ಪಿಕಪ್ಪಿನ ಹಿಂಬದಿಯ ಹಲಗೆ ಇಳಿಸಿ ಕೂತರು. ಇಲ್ಮಾ ಥರ್ಮಾಸಿನಿಂದ ಚಹಾ ಬಗ್ಗಿಸಿದಳು; ಡಬ್ಬಿಯಲ್ಲಿ ಸಕ್ಕರೆಪುಡಿ ಉದುರಿಸಿದ ಕೇ­ಕಿತ್ತು. ಅದನ್ನು ಮಾಡಿ ನಾಲ್ಕು ದಿನವಾಗಿತ್ತು, ಕೊಡುವ ಹೊತ್ತು ಬಂದಿರಲಿಲ್ಲ ಅಷ್ಟೆ. ಎಲ್ವಿನ್ ಎರಡನೆಯ ತುಂಡಿಗೆ ಕೈ ಹಾಕಿದಾಗ ಅವಳು ಗಂಟಲು ಸರಿಮಾಡಿಕೊಂಡಳು.

"ಎಲ್ವಿನ್. ಆ ವರ್ಷದ ನಮ್ಮ ಕಟಾವು—"

"ಯಾವ ಕಟಾವು?"

ಅವನು ಕೇಕನ್ನು ಬಾಯಿಗಿಟ್ಟು ಅವಳ ಮುಖವನ್ನೇ ನೋಡಿದ. ಕಣ್ಣು ಮಿಟುಕಿಸಲಿಲ್ಲ. ಇಲ್ಮಾ ಥರ್ಮಾಸಿನ ಮುಚ್ಚಳ ತೆಗೆದಳು.

"ಇನ್ನೊಂದು ಲೋಟ ಹಾಕ್ಲಾ?"

"ಹಾಕು. ಸಕ್ಕರೆ ಜಾಸ್ತಿ."

ಅವನು ಹೋದ ಮೇಲೆ ಟ್ರೀನಾ ಟ್ರ್ಯಾಕ್ಟರಿನಲ್ಲಿ ಮನೆಗೆ ಹೊರಟಳು. ಇಲ್ಮಾ ಬುಲೋಕ್ ಹೊಲಕ್ಕೆ ಬಂದಳು. ಸಾಲಿದ್ದ ಜಾಗ ಬಯಲಾಗಿತ್ತು. ಗಾಡಿ ನಿಲ್ಲಿಸಲು ನೆರಳಿರಲಿಲ್ಲ. ಬಿಸಿಲಲ್ಲೇ ನಿಲ್ಲಿಸಿ ಒಳಗೆ ನಡೆದಳು. ದಿಬ್ಬದ ಬದಿಯ ಸಸಿಗಳಲ್ಲಿ ಬಲೆಯೊಳಗಿನವು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ನಡುವಿನವು ಇದ್ದವು. ಮೋಟಾಗಿದ್ದ ಒಂದು ಸಸಿಯ ಬುಡದಲ್ಲಿ, ಓರೆ ಗಾಯದ ಕೆಳಗೆ, ಮೊಳೆಯ ತಲೆಯಷ್ಟು ದಪ್ಪದ ಹಸಿರು ಚಿಗುರಿನ ಗಂಟು ಕಟ್ಟಿತ್ತು. ಬೆರಳಿಂದ ಮುಟ್ಟಲು ಹೋಗಿ ಮುಟ್ಟಲಿಲ್ಲ.

ಮೋಡವಿರಲಿಲ್ಲ. ಮಳೆಗೆ ಇನ್ನೂ ಬಹಳ ದಿನವಿತ್ತು. ಅವಳು ಹಿಂದಿರುಗಿ, ಮಂಚದ ಸರಪಳಿಯನ್ನು ಗಾಡಿಗೆ ಕಟ್ಟಿ, ಮೂಡಲ ಬೇಲಿಯಿಂದ ಸುತ್ತು ಶುರು ಮಾಡಿದಳು.